ಮುದ್ದೆ ಇಟ್ಟು ಚಕ್ರ ನೋಡುತ್ತಿದ್ದವರು

ಆಂಡರ್ಸನ್‌ಪೇಟೆಯಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಯ ಎದುರಿಗೇ ಅವರ ಷೆಡ್ಡು. ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಗ್ರೀಸು ಕುಡಿದು ಕಪ್ಪಾದ ನೆಲ. ಗೋಡೆಯ ಬದಲು ಹಳೆಯ ಕಾರಿನ ಚಕ್ರಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟರ ಕೆಲಸಕ್ಕೆ ಸೇರಲು ಬಂದ ಮೊದಲ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಖಾಕಿ ಚಡ್ಡಿ ತೊಟ್ಟ ಒಬ್ಬ ಸಣಕಲು ಮನುಷ್ಯ ಕಾರಿನ ಕೆಳಗೆ ಅಂಗಾತ ಮಲಗಿ, ಕೈ ಮಾತ್ರ ಹೊರಗೆ ಚಾಚಿ, "ಇನ್ನೊಂದು ಉಂಡೆ ಕೊಡು" ಎನ್ನುತ್ತಿದ್ದರು. ಅವರ ಹೆಂಡತಿ ತಟ್ಟೆಯಲ್ಲಿದ್ದ ರಾಗಿ ಮುದ್ದೆ ಮುರಿದು, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಆ ಕೈಗೆ ಕೊಡುತ್ತಿದ್ದರು. ಕಾರಿನ ಕೆಳಗೆ ಮಲಗಿ ಊಟ ಮಾಡುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವರು ತಿನ್ನುತ್ತಿರಲಿಲ್ಲ. ಟೈರು ಮತ್ತು ಸ್ಪ್ರಿಂಗಿನ ನಡುವಿನ ಸಂದಿಗೆ ಆ ಉಂಡೆಗಳನ್ನು ಮೆತ್ತುತ್ತಿದ್ದರು.

ಹೋದ ವಾರ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಮೇಸ್ತ್ರಿ. ಉರಿಗಾಂ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ಆಂಧ್ರದ ಕಡೆಯ ಡ್ರೈವರುಗಳು ಬಂದರೆ ತೆಲುಗು. ಬೈಗುಳಕ್ಕೆ ಮಾತ್ರ ಮೂರನ್ನೂ ಸೇರಿಸಿ ಬಳಸುತ್ತಿದ್ದರು.

ಆಗ, ಐವತ್ತರ ದಶಕದ ಕೊನೆಯಲ್ಲಿ, ಬಂಗಾರಪೇಟೆ ಸ್ಟೇಷನ್ನಿಂದ ಗಣಿಯ ಕಡೆಗೆ ಓಡುತ್ತಿದ್ದ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಯುದ್ಧಕ್ಕೂ ಮೊದಲಿನ ಕಾರುಗಳು. ಅವುಗಳ ಚಕ್ರ ಬಿರುಕು ಬಿಟ್ಟರೆ ಅದೇ ಜಾತಿಯ ಚಕ್ರ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಮಿಲಿಟರಿಯವರು ಮಾರಿದ ಡಿಸ್ಪೋಜಲ್ ಮಾಲಿನಲ್ಲೋ, ಗುಜರಿಯಲ್ಲೋ ಸಿಕ್ಕ ಬೇರೆ ಗಾಡಿಯ ಚಕ್ರ ತಂದು ಹಾಕಬೇಕು. ಬೋಲ್ಟಿನ ತೂತು ಸರಿಹೋಯಿತು, ಎತ್ತರ ಸರಿಹೋಯಿತು ಎಂದರೆ ಡ್ರೈವರಿಗೆ ಸಾಕು. ಮೇಸ್ತ್ರಿಗೆ ಸಾಲದು. ಚಕ್ರ ಎಷ್ಟು ಅಗಲ, ಬೋಲ್ಟು ಹಿಡಿಯುವ ನಡುವಿನ ತಟ್ಟೆ ಆ ಅಗಲದಲ್ಲಿ ಎಲ್ಲಿ ಕೂತಿದೆ, ಇವೆರಡೂ ತಿಳಿಯಬೇಕು. ತಟ್ಟೆ ತೀರ ಹೊರಕ್ಕೆ ಕೂತಿದ್ದರೆ ಟೈರು ಒಳಕ್ಕೆ ಹೋಗಿ ಸ್ಪ್ರಿಂಗಿಗೆ ಉಜ್ಜುತ್ತದೆ. ತೀರ ಒಳಕ್ಕೆ ಕೂತಿದ್ದರೆ ಟೈರು ಹೊರಕ್ಕೆ ಚಾಚಿ ಮಡ್‌ಗಾರ್ಡಿಗೆ ತಾಗುತ್ತದೆ, ಬೇರಿಂಗು ಬೇಗ ಸಾಯುತ್ತದೆ.

ಅವರು ಚಕ್ರವನ್ನು ಕವುಚಿ ಹಾಕಿ, ಬೆನ್ನಿನ ಕಡೆ ಅಂಚಿನಿಂದ ಅಂಚಿಗೆ ಒಂದು ಬಿದಿರಿನ ಪಟ್ಟಿ ಇಟ್ಟು, ಅಲ್ಲಿಂದ ತಟ್ಟೆಯವರೆಗೆ ಅಡಿಕಡ್ಡಿ ಇಳಿಸುತ್ತಿದ್ದರು. ಅಗಲವನ್ನು ಅಂಚುಗಳ ಹೊರಗಿನಿಂದಲ್ಲ, ಟೈರು ಕೂರುವ ಒಳಗಿನಿಂದ ತೆಗೆಯುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ನಂಬಿಕೆಯಿಲ್ಲ. ಕೊನೆಯ ಪರೀಕ್ಷೆ ಮುದ್ದೆಯದು. ಬಿಸಿ ಮುದ್ದೆ ಆಗದು, ಟೈರಿಗೆ ಅಂಟುತ್ತದೆ. ಎರಡು ದಿನದ್ದಾದರೆ ಒಣಗಿ ಉದುರುತ್ತದೆ. ಹಿಂದಿನ ರಾತ್ರಿಯ ತಂಗಳು ಮುದ್ದೆಯೇ ಬೇಕು. ಸಂದಿಗಳಲ್ಲಿ ಅದನ್ನು ಮೆತ್ತಿ, ಕಾರು ತುಂಬ ಜನ ಹೇರಿಕೊಂಡು, ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ನೋಡಬೇಕು. ಒತ್ತಿ ಒತ್ತಿ ಉಳಿದ ಮುದ್ದೆ ಒಂದು ಬೆರಳಿನಷ್ಟು ದಪ್ಪ ಇದ್ದರೆ ಚಕ್ರ ಸರಿ. ಅವರ ಎಡಗೈಯ ನಡುಬೆರಳು ಯಾವುದೋ ಜಾಕಿನ ಕೆಳಗೆ ಸಿಕ್ಕು ಅರ್ಧ ಹೋಗಿತ್ತು. "ಯಾವ ಬೆರಳಷ್ಟು ದಪ್ಪ ಮೇಸ್ತ್ರಿ, ಇರೋದಾ, ಓಗಿರೋದಾ?" ಎಂದು ಡ್ರೈವರುಗಳು ಕೆಣಕುತ್ತಿದ್ದರು. "ನಿನ್ನ ನಾಲಗೆಯಷ್ಟು" ಎನ್ನುತ್ತಿದ್ದರು.

ಚಕ್ರ ತಂದವರನ್ನು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಎಷ್ಟು ಜನ ಹತ್ತಿಸ್ತೀಯ?"

"ಐದು ಜನ ಮೇಸ್ತ್ರಿ."

"ಪೊಲೀಸಿಗೆ ಹೇಳೋ ಲೆಕ್ಕ ಬೇಡಪ್ಪ, ನಂಗೆ ಹೇಳು."

"ಸಂತೆ ದಿವ್ಸ ಅತ್ತು, ಅನ್ನೊಂದು..."

"ಹಂಗೆ ಬಾ ದಾರಿಗೆ."

ಹನ್ನೊಂದು ಜನರಿಗೆ ಎಲ್ಲಿ ಹೋಗುವುದು? ನಲ್ಲಿಯ ಹತ್ತಿರ ಸಾಲು ನಿಂತ ಹೆಂಗಸರನ್ನು ಕರೆಯುತ್ತಿದ್ದರು. "ಅಕ್ಕಾ, ಕೊಡ ಅಲ್ಲೇ ಇಡಿ, ರವಷ್ಟು ಕಾರಲ್ಲಿ ಕೂತು ಬನ್ನಿ." ಅವರು ಕೊಡಗಳನ್ನು ಸಾಲಿನಲ್ಲಿ ತಮ್ಮ ಪರವಾಗಿ ನಿಲ್ಲಿಸಿ ಓಡಿ ಬರುತ್ತಿದ್ದರು. ಕಿಟಕಿಯ ಪಕ್ಕದ ಜಾಗಕ್ಕೆ ಜಗಳ. ಹೆಚ್ಚು ತೂಕದವರಿಗೆ ಹೆಚ್ಚು ಮರ್ಯಾದೆ. ಒಬ್ಬಾಕೆಗಂತೂ, "ನೀವು ಹಿಂದಿನ ಸೀಟಲ್ಲಿ, ಬಲಗಡೆ. ನೀವಿಲ್ದೆ ಟೆಸ್ಟೇ ಇಲ್ಲ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಆಕೆ ನಾಚುತ್ತಲೇ ಹೋಗಿ ಅಲ್ಲೇ ಕೂರುತ್ತಿದ್ದರು. ಆ ಬೀದಿಯ ಎಷ್ಟೋ ಹೆಂಗಸರು ಜೀವಮಾನದಲ್ಲಿ ಕಾರು ಹತ್ತಿದ್ದು ಮೇಸ್ತ್ರಿಯ ಮುದ್ದೆಯ ಪರೀಕ್ಷೆಗಾಗಿಯೇ.

ಅವರ ಹೆಂಡತಿ ಮಾತ್ರ ಗೊಣಗುತ್ತಿದ್ದರು. "ನೋಡಿ ಸಾರ್, ಮನೆ ಮುದ್ದೆಯೆಲ್ಲ ಕಾರಿಗೆ. ಇವರು ಮದುವೆ ಆಗಬೇಕಿದ್ದಿದ್ದು ಯಾವುದಾದ್ರೂ ಲಾರೀನ."

ನನ್ನನ್ನು ಸಾರ್ ಎಂದು ಕರೆಯಬೇಡಿ ಎಂದು ನಾನು ಮೊದಲಲ್ಲೇ ಮೇಸ್ತ್ರಿಗೆ ಹೇಳಿದ್ದೆ. ಅವರು ನನ್ನ ತಂದೆಗಿಂತ ದೊಡ್ಡವರು. ನನ್ನ ತಂದೆ ಕ್ಯಾಸಂಬಳ್ಳಿಯ ಹತ್ತಿರದ ಹಳ್ಳಿಯಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಅವರನ್ನು ಯಾರೂ ಸಾರ್ ಎಂದಿರಲಿಲ್ಲ. ಮೇಸ್ತ್ರಿ ಸ್ಪ್ಯಾನರು ಒರೆಸುತ್ತ ಹೇಳಿದರು: "ಗಣಿಯಲ್ಲಿ ಮೂವತ್ತು ವರ್ಷ ಸಾರ್ ಅಂದಿದೀನಿ, ದೊರೆ ಅಂದಿದೀನಿ. ಅನ್ನಲೇಬೇಕಿತ್ತು. ನಿಮ್ಮನ್ನ ಅನ್ನೋದು ನನ್ನಿಷ್ಟ. ಅದಕ್ಕೂ ಬೇಡ ಅಂದ್ರೆ ಹೆಂಗೆ?"

ನಾನು ಬಿ.ಎಸ್ಸಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರಲ್ಲೇ ನಾನು ಎರಡನೆಯವನು. ಮೊದಲನೆಯವನು ನನ್ನ ಅಣ್ಣ. ಅವನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಲಾರಿ ಕ್ಲೀನರಾದ, ಆಮೇಲೆ ಡ್ರೈವರಾದ, ಆ ಸಂಬಳದಲ್ಲೇ ನನ್ನನ್ನು ಓದಿಸಿದ. ನಾನಿದ್ದ ಹಾಸ್ಟೆಲಿನ ಗೇಟಿನ ಮುಂದೆ ಲಾರಿ ನಿಲ್ಲಿಸಿ, ಎಣ್ಣೆ ಮೆತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡು, "ಓದ್ತಿದ್ದೀಯೇನ್ಲಾ?" ಎಂದಷ್ಟೇ ಕೇಳಿ ಹೋಗುತ್ತಿದ್ದ. ನನಗೆ ಡಿಗ್ರಿ ಬಂದ ದಿನ ಅವನು ದಾರಿಯುದ್ದಕ್ಕೂ ಹಾರನ್ ಹೊಡೆದುಕೊಂಡು ಊರಿಗೆ ಬಂದಿದ್ದನ್ನು ನಮ್ಮೂರಿನವರು ಈಗಲೂ ಹೇಳುತ್ತಾರೆ.

ನಾನು ಆಂಡರ್ಸನ್‌ಪೇಟೆಗೆ ಬಂದ ಮರುವರ್ಷ ಅಣ್ಣ ಲಾರಿ ಬಿಟ್ಟು ತಾನೇ ಒಂದು ಹಳೆಯ ಕಾರು ಕೊಂಡು ಟ್ಯಾಕ್ಸಿ ಮಾಡಿದ. ಅದರ ನಾಲ್ಕು ಚಕ್ರಗಳಲ್ಲಿ ಎರಡು ಬಿರುಕು ಬಿಟ್ಟಿದ್ದವು. ಒಂದು ಶನಿವಾರ ನನ್ನ ಕೋಣೆಗೆ ಬಂದ.

"ಲೇ, ಬಂಗಾರಪೇಟೆ ಗುಜರಿಯಲ್ಲಿ ಎರಡು ಸೆಟ್ಟು ಚಕ್ರ ಐತೆ. ಯಾವ್ದು ಸರಿಯಾಗ್ತದೋ ನೀನೇ ಬಂದು ನೋಡ್ಲಾ."

ಮೇಸ್ತ್ರಿಯನ್ನು ಕೇಳೋಣ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಬರಬೇಕಿತ್ತು. ಎದುರು ಬಾಗಿಲಲ್ಲೇ ಇದ್ದರು. ಆದರೆ ಅಣ್ಣ ನನ್ನನ್ನು ಕೇಳಿದ್ದ. ಹದಿನೈದು ವರ್ಷ ನನಗೆ ಕೊಟ್ಟವನು ಮೊದಲ ಬಾರಿಗೆ ನನ್ನಿಂದ ಏನೋ ಕೇಳಿದ್ದ.

ಸ್ಕೂಲಿನ ಲ್ಯಾಬಿನಿಂದ ಉಕ್ಕಿನ ಸ್ಕೇಲು ತೆಗೆದುಕೊಂಡು ಹೋದೆ. ಗುಜರಿಯಲ್ಲಿ ಒಂದು ಸೆಟ್ಟು ಕಿರಿದು, ತುಕ್ಕು ಹಿಡಿದದ್ದು. ಇನ್ನೊಂದು ಅಗಲ, ಮಿಲಿಟರಿಯದು, ಕಪ್ಪು ಬಣ್ಣ ಇನ್ನೂ ಹೊಳೆಯುತ್ತಿತ್ತು. ಕಾರಿನಲ್ಲಿದ್ದ ಹಳೆಯ ಚಕ್ರದ ಮುಂಭಾಗದ ಅಂಚಿಗೆ ಸ್ಕೇಲು ಹಿಡಿದು ತಟ್ಟೆ ಎಷ್ಟು ಆಳದಲ್ಲಿದೆ ಎಂದು ನೋಡಿದೆ: ಎರಡು ಇಂಚು. ಹೊಸ ಅಗಲದ ಚಕ್ರಕ್ಕೂ ಹಾಗೆಯೇ ನೋಡಿದೆ: ಅದೂ ಎರಡು ಇಂಚು, ಕೂದಲೆಳೆಯ ವ್ಯತ್ಯಾಸವಿಲ್ಲ. ಬೋಲ್ಟಿನ ತೂತು ಐದಕ್ಕೆ ಐದೂ ಹೊಂದಿತು. "ಇದೇ ಅಣ್ಣಾ" ಎಂದೆ.

ಗುಜರಿಯವನು ನನ್ನ ಸ್ಕೇಲು ನೋಡಿ, "ಇವರು ಇಂಜಿನಿಯರಾ?" ಎಂದ.

"ಅದಕ್ಕಿಂತ ಎಚ್ಚು" ಎಂದ ಅಣ್ಣ. "ಸೈನ್ಸ್ ಮೇಷ್ಟ್ರು."

ಮರುದಿನ ಚಕ್ರಗಳನ್ನು ಮೇಸ್ತ್ರಿಯ ಷೆಡ್ಡಿಗೆ ತಂದೆವು. ಅವರು ಒಂದನ್ನು ಕವುಚಿ ಹಾಕಿ ಪಟ್ಟಿ ಇಟ್ಟರು. ಅಡಿಕಡ್ಡಿ ಇಳಿಸಿದರು. ಇನ್ನೊಮ್ಮೆ ಇಳಿಸಿದರು. ಆಮೇಲೆ ತಲೆಯೆತ್ತದೆ ಕೇಳಿದರು, "ಯಾರು ತಂಬಿ ಅಳತೆ ತೆಗೆದಿದ್ದು?"

"ಇನ್ಯಾರು? ನಮ್ ತಮ್ಮ!" ಅಣ್ಣ ಹೆಗಲಿನ ಟವಲ್ಲು ಕೊಡವಿ ಮತ್ತೆ ಹಾಕಿಕೊಂಡ.

ಮೇಸ್ತ್ರಿ "ಸೆರಿ" ಎಂದು ಜಾಕಿ ಎಳೆದುಕೊಂಡರು. ನಾಲ್ಕೂ ಚಕ್ರ ಹಾಕಿದರು. ಹೊರಗಿನಿಂದ ನೋಡಿದರೆ ಆ ಕಾರಿಗೇ ಹುಟ್ಟಿದ ಹಾಗೆ ಕೂತಿದ್ದವು. ಸಂದಿಗಳಿಗೆ ಮುದ್ದೆ ಇಟ್ಟರು, ನಲ್ಲಿಯ ಹೆಂಗಸರನ್ನು ಕರೆದು ತುಂಬಿದರು. ಅಣ್ಣ ಒಂದು ಸುತ್ತು ಹೊಡೆದು ಬಂದ. ಮೇಸ್ತ್ರಿ ಕೆಳಗೆ ತೂರಿ, ಹೊರಬಂದು, "ಬಗ್ಗಿ ನೋಡಿ" ಎಂದು ನಮಗೆ ಹೇಳಿದರು.

ಮುದ್ದೆ ಇರಲಿಲ್ಲ. ಸ್ಪ್ರಿಂಗಿನ ಮೇಲೆ ಇಟ್ಟ ಜಾಗದಲ್ಲಿ ಕಬ್ಬಿಣ ಬೆಳ್ಳಗೆ ಉಜ್ಜಿಹೋಗಿತ್ತು. ಟೈರಿನ ಒಳಮೈಯಲ್ಲಿ ಸುತ್ತಲೂ ರಾಗಿಯ ಕಂದು ಪಟ್ಟೆ. ಹೀಗೇ ಓಡಿಸಿದ್ದರೆ ವಾರದೊಳಗೆ ಟೈರು ಹರಿದು ಸಿಡಿಯುತ್ತಿತ್ತು, ಹನ್ನೊಂದು ಜನ ಕೂತಿರುವಾಗ.

ಆಗ ನನಗೆ ಹೊಳೆಯಿತು. ನಾನು ಎರಡನ್ನೂ ಮುಂದಿನಿಂದ ಅಳೆದಿದ್ದೆ. ಮುಂದಿನ ಆಳ ಒಂದೇ ಆದರೆ, ಚಕ್ರದ ಹೆಚ್ಚಿನ ಅಗಲವೆಲ್ಲ ಹಿಂದಕ್ಕೇ ಹೋಗಬೇಕು. ಎಂಟನೇ ಕ್ಲಾಸಿನ ಹುಡುಗ ಕೂಡಿ ಕಳೆದು ಹೇಳಬಹುದಾದ ಲೆಕ್ಕ. ನಾನು ಆ ಚಕ್ರವನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದೆ. ಬೆನ್ನ ಹಿಂದೆ ಅಣ್ಣ, "ಏನ್ಲಾ ಇದು?" ಎಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಾನು ಏನಾದರೂ ಉತ್ತರ ಕೊಟ್ಟೇ ಕೊಡುತ್ತೇನೆ ಎಂಬ ಭರವಸೆ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದರು: "ಸಾರನ್ನ ಕೇಳ್ಬೇಡ ತಂಬಿ. ಅವರು ನಿನ್ನೆ ಗುಜರಿಗೆ ಹೋಗೋ ಮುಂಚೇನೇ ಬಂದು, ಯಾವ ಕಡೆಯಿಂದ ಅಳೀಬೇಕು ಮೇಸ್ತ್ರಿ ಅಂತ ಕೇಳಿದ್ರು. ನಾನೇ ಏನೋ ಗ್ಯಾನದಲ್ಲಿ ಮುಂದಗಡೆಯಿಂದ ಅಂದ್ಬಿಟ್ಟೆ. ತಪ್ಪು ನಂದು."

ನಾನು ಅವರನ್ನು ಏನೂ ಕೇಳಿರಲಿಲ್ಲ. ಹಾಗೆಂದು ಆಗ ಹೇಳಲೂ ಇಲ್ಲ.

ಅಣ್ಣನ ಸಿಟ್ಟಿಗೆ ದಾರಿ ಸಿಕ್ಕಿತು. "ಏನಯ್ಯಾ ಮೇಸ್ತ್ರಿ! ಕೂದಲು ಬೆಳ್ಳಗಾಗೋವರ್ಗೂ ಇದೇ ಕೆಲ್ಸ ಮಾಡಿದ್ದೀಯ, ಮುಂದ್ಯಾವ್ದು ಇಂದ್ಯಾವ್ದು ಗೊತ್ತಾಗಲ್ವ ನಿನ್ಗೆ? ಓದಿರೋ ಉಡುಗನ್ಗೆ ತಪ್ಪು ಏಳ್ಕೊಟ್ಟು ಅವನ ಮರ್ಯಾದೆ ಕಳೀತೀಯಲ್ಲ!"

ಮೇಸ್ತ್ರಿ ತಲೆ ಬಗ್ಗಿಸಿಯೇ ನಟ್ಟು ಬಿಚ್ಚಿದರು. ಗುಜರಿಯವನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆ ಚಕ್ರಗಳನ್ನು ತಾವೇ ಇಟ್ಟುಕೊಂಡು, ತಮ್ಮ ರಾಶಿಯಿಂದ ಕಿರಿದಾದ ನಾಲ್ಕನ್ನು ಹುಡುಕಿ ತೆಗೆದು, ಅಳೆದು, ಹಾಕಿಕೊಟ್ಟರು. ಹೊಸ ಮುದ್ದೆ ಬೆರಳಿನಷ್ಟು ಉಳಿಯಿತು. ಕೂಲಿ ತೆಗೆದುಕೊಳ್ಳಲಿಲ್ಲ.

ಅದೇ ಸಂಜೆ ಅಣ್ಣ ಬಂಗಾರಪೇಟೆಯ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದ. ಮೇಸ್ತ್ರಿಗೆ ವಯಸ್ಸಾಯಿತು, ಅಳತೆ ತಪ್ಪುತ್ತಿದೆ. ಡ್ರೈವರುಗಳಿಗೆ ಅಷ್ಟು ಸಾಕಾಯಿತು. ಬಂಗಾರಪೇಟೆಯಲ್ಲೇ ಚಕ್ರ ಹಾಕಿಸತೊಡಗಿದರು. ಎರಡನೆಯ ವಾರಕ್ಕೆ ಷೆಡ್ಡು ಖಾಲಿ. ನಲ್ಲಿಯ ಹೆಂಗಸರು, "ಏನ್ ಮೇಸ್ತ್ರಿ, ನಮ್ಮನ್ನ ಕರೆಯೋದೇ ಬಿಟ್ರಿ?" ಎಂದು ಕೇಳುವರು. "ನೀವೆಲ್ಲ ತೆಳ್ಳಗಾಗಿದೀರಿ, ಪ್ರಯೋಜನ ಇಲ್ಲ" ಎನ್ನುವರು ಮೇಸ್ತ್ರಿ. ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಎಂದಿನ ಹಾಗೆ, "ನಮಸ್ಕಾರ ಸಾರ್." ಅದೊಂದು ನಮಸ್ಕಾರ ತಪ್ಪಿಸಲು ನಾನು ಹಿತ್ತಲ ಬಾಗಿಲಿನಿಂದ ಸ್ಕೂಲಿಗೆ ಹೋಗಲು ಶುರುಮಾಡಿದೆ. ಪಾಠ ಮಾಡುವಾಗ ಮಕ್ಕಳಿಗೆ, ತಪ್ಪು ಉತ್ತರ ಬಂದರೆ ಹೆದರಬೇಡಿ, ಎದ್ದು ನಿಂತು ಹೇಳಿ ಎನ್ನುತ್ತಿದ್ದೆ. ಹೇಳಿ ಬೋರ್ಡಿನ ಕಡೆ ತಿರುಗುತ್ತಿದ್ದೆ.

ಒಂದು ಮಧ್ಯಾಹ್ನ ಸ್ಕೂಲಿನಿಂದ ಬರುತ್ತಿದ್ದೆ. ಬೇರೆಲ್ಲೋ ಚಕ್ರ ಹಾಕಿಸಿದ ಒಂದು ಟ್ಯಾಕ್ಸಿ ಜನ ತುಂಬಿಕೊಂಡು ಬೀದಿಯಲ್ಲಿ ಹೋಯಿತು. ಸುಟ್ಟ ರಬ್ಬರಿನ ವಾಸನೆ. ಷೆಡ್ಡಿನಿಂದ ಮೇಸ್ತ್ರಿ ಬರಿಗಾಲಲ್ಲಿ ಎದ್ದು ಓಡಿದರು. "ನಿಲ್ಸಪ್ಪಾ! ಒಳಗಡೆ ಉಜ್ತಾ ಇದೆ, ನಿಲ್ಸು!" ಡ್ರೈವರ್ ನಿಲ್ಲಿಸದೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಓಗಯ್ಯಾ ಮೇಸ್ತ್ರಿ! ನಿನ್ನ ಅಳತೆ ನೋಡಿದ್ದೀವಿ. ಓಗಿ ಮುದ್ದೆ ತಿನ್ನು!" ಒಳಗಿದ್ದವರೆಲ್ಲ ನಕ್ಕರು. ಮೇಸ್ತ್ರಿ ಆ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಬೀದಿಯ ಕೊನೆಯವರೆಗೂ ಕೈ ಬೀಸುತ್ತ ಓಡಿದರು, ಕಾರು ತಿರುಗಿ ಕಣ್ಮರೆಯಾದ ಮೇಲೂ ಅಲ್ಲೇ ನಿಂತಿದ್ದರು.

ನಾನು ಕೋಣೆಗೆ ಹೋಗಲಿಲ್ಲ. ನೇರ ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ಅಣ್ಣ ಸ್ಟ್ಯಾಂಡಿನಲ್ಲಿ ಕಾರು ಒರೆಸುತ್ತಿದ್ದ. ಅವನ ಮುಂದೆ ನನ್ನ ಬಾಯಿಗೆ ಊರಿನ ಮಾತೇ ಬರುತ್ತದೆ.

"ಅಣ್ಣಾ, ಮೇಸ್ತ್ರಿ ನಂಗೇನೂ ಏಳ್ಕೊಟ್ಟಿರ್ಲಿಲ್ಲ. ನಾನು ಕೇಳೇ ಇರ್ಲಿಲ್ಲ. ತಪ್ಪು ಅಳತೆ ನಂದೇ."

ಅಣ್ಣ ಒರೆಸುವುದನ್ನು ನಿಲ್ಲಿಸಿದ. "ಮತ್ತೆ ಅವಯ್ಯ ಯಾಕ್ಲಾ ತಪ್ಪು ತನ್ದು ಅಂದ?"

"ಗೊತ್ತಿಲ್ಲ."

"ನೀನ್ಯಾಕ್ಲಾ ಸುಮ್ಕಿದ್ದೆ?"

"ನಿನ್ ಕಣ್ಣಲ್ಲಿ ಸಣ್ಣೋನಾಗ್ತೀನಿ ಅಂತ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮಡಿಸಿದ. ಆಮೇಲೆ ಸ್ಟ್ಯಾಂಡಿನ ಕಡೆ ತಿರುಗಿ ಕೂಗಿದ. "ಕೇಳ್ರಲಾ ಇಲ್ಲಿ! ಮೇಸ್ತ್ರಿ ಅಳತೆ ತಪ್ಪಿಲ್ಲ. ತಪ್ಪಿದ್ದು ನಮ್ ಉಡುಗ. ನಾನೇ ಗೊತ್ತಿಲ್ದೆ ಆಡ್ಕಂಡೆ."

"ಯಾರು, ಬಿಯೆಸ್ಸಿನಾ?" ಎಂದ ಒಬ್ಬ.

"ಊಂ, ಬಿಯೆಸ್ಸಿನೇ. ಬಿಯೆಸ್ಸಿ ಮಾಡ್ದೋನು ತಪ್ಪು ಮಾಡ್ಬಾರ್ದು ಅಂತ ಎಲ್ಲಾದ್ರೂ ಬರ್ದೈತೇನ್ಲಾ?"

ಎಲ್ಲರೂ ನಕ್ಕರು. ಆ ನಗು ನನಗೆ ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಣ್ಣ ಕಾರಿನ ಬಾಗಿಲು ತೆಗೆದು, "ಕೂತ್ಕ" ಎಂದ. ಬಂಗಾರಪೇಟೆಯಿಂದ ಆಂಡರ್ಸನ್‌ಪೇಟೆಯವರೆಗೆ ಎಲ್ಲೂ ನಿಲ್ಲಿಸಲಿಲ್ಲ. ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನೂ ಹತ್ತಿಸಿಕೊಳ್ಳಲಿಲ್ಲ.

ಮೇಸ್ತ್ರಿ ಷೆಡ್ಡಿನಲ್ಲಿ ಕೂತು ಒಂದು ಡೊಂಕು ಚಕ್ರದ ಅಂಚನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುತ್ತಿದ್ದರು. ಯಾರಿಗಾಗಿ ಎಂದು ದೇವರಿಗೇ ಗೊತ್ತು. ಅಣ್ಣ ಅವರ ಪಕ್ಕದಲ್ಲಿ ಮಣ್ಣಿನ ಮೇಲೇ ಕೂತ. "ಮೇಸ್ತ್ರಿ, ನಮ್ ತಮ್ಮ ಎಲ್ಲಾ ಏಳ್ದ. ನನ್ನಿಂದ ತಪ್ಪಾಯ್ತು. ಸ್ಟ್ಯಾಂಡಲ್ಲಿ ಎಲ್ರಿಗೂ ಏಳಿ ಬಂದಿದ್ದೀನಿ."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. "ಮಧ್ಯಾಹ್ನ ಒಂದು ಟ್ಯಾಕ್ಸಿ ಹೋಯ್ತು, ಒಳಗಡೆ ಉಜ್ತಾ ಇತ್ತು. ಅವನು ಸ್ಟ್ಯಾಂಡಿಗೆ ಬಂದ್ನಾ?"

"ಬಂದ. ಟೈರಲ್ಲಿ ಒಗೆ ಬರ್ತಿತ್ತು. ನಿಲ್ಸವ್ನೆ."

"ಅಪ್ಪಾಡಾ" ಎಂದರು. ಅಂಥ ದೀರ್ಘ ಉಸಿರನ್ನು ನಾನು ಅವರಿಂದ ಬೇರೆ ಯಾವಾಗಲೂ ಕೇಳಲಿಲ್ಲ. ಷೆಡ್ಡಿನ ಹಿಂದಿನ ಮನೆಯಿಂದ ಅವರ ಹೆಂಡತಿ ಕರೆದು ಅಣ್ಣನಿಗೆ ಮಜ್ಜಿಗೆ ಕೊಟ್ಟರು, ಕೊಡುತ್ತಲೇ ಬೈದರು. ಅವನು ಎರಡನ್ನೂ ನಿಂತು ತೆಗೆದುಕೊಂಡ.

ಅಷ್ಟರಲ್ಲಿ ನಾನು ಮೇಸ್ತ್ರಿಯ ಹತ್ತಿರ ಹೋಗಿ ಕೇಳಿದೆ. "ಯಾಕೆ ಹಾಗೆ ಹೇಳಿದಿರಿ ಮೇಸ್ತ್ರಿ? ನಿಮಗೆ ಇದ್ದದ್ದೇ ಅಳತೆಯ ಹೆಸರೊಂದು."

ಅವರು ನನ್ನ ಮುಖ ನೋಡಲಿಲ್ಲ. ಡೊಂಕು ಅಂಚಿನ ಮೇಲೆ ಬೆರಳಾಡಿಸುತ್ತ ಹೇಳಿದರು.

"ಅವತ್ತು ನೀವು ಚಕ್ರಾನೇ ನೋಡ್ತಾ ಕೂತಿದ್ರಿ ಸಾರ್. ನಿಮ್ಮಣ್ಣ ನಿಮ್ಮ ಹಿಂದೆ ನಿಂತು ನಿಮ್ಮನ್ನೇ ನೋಡ್ತಾ ಇದ್ದ. ಆ ಮುಖ ನಿಮಗೆ ಕಾಣಲಿಲ್ಲ. ನಾನು ನೋಡ್ದೆ."

ಇಷ್ಟು ಹೇಳಿ, ಅಣ್ಣನ ಕಾರಿನ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದೆಯೆಂದು ಪಂಪು ತರಲು ಎದ್ದು ಹೋದರು.